ಆಪಾಳ ಸೈಕಲ್ ಮೇಲೆ ನಂದಗಡಕ್ಕೆ

ಈ ವರ್ಷದ ಪ್ರವಾಸ ಎಲ್ಲಿಗೆ ಅಂತ ನಮ್ಮ ಕ್ಲಾಸಿನಲ್ಲಿ ಕೈ ಎತ್ತಿಸಿದಾಗ ಮೈಸೂರಿಗೆ ಹೆಚ್ಚು ಕೈ ಬಂದವು. ಗೋವಾಕ್ಕೆ ಕೈ ಕಡಿಮೆ ಇದ್ದರೂ ಕೂಗು ಜೋರಾಗಿತ್ತು. ನಾನು ಎದ್ದು ನಿಂತು "ನಂದಗಡಕ್ಕೆ, ಸೈಕಲ್ ಮೇಲೆ" ಅಂದೆ. ಎಲ್ಲರೂ ನಕ್ಕರು. ಸರ್ ಕೂಡ ನಕ್ಕರು. ನಕ್ಕು ಮುಗಿದ ಮೇಲೆ "ಯಾಕೆ ಅಂತ ಬರೆದು ಕೊಡು, ನ್ಯೂಸ್‌ಲೆಟರಿಗೆ ಹಾಕೋಣ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ದಸರಾ ರಜೆಯಲ್ಲಿ ನಾನು ಮತ್ತು ನನ್ನ ಗೆಳೆಯ ಮೂರು ದಿನ ಸೈಕಲ್ ಹೊಡೆದೆವು. ಅವನೂ ನಮ್ಮ ದೊಡವಾಡದವನೇ. ಒಂದನೇ ಇಯತ್ತೆಯಿಂದ ಹತ್ತರವರೆಗೆ ಒಂದೇ ಬೆಂಚು. ಅವರ ಮನೆಯಲ್ಲಿ ಎರಿ ಹೊಲ ಇದೆ, ನಮ್ಮ ಮನೆಯಲ್ಲಿ ಹೊಲಿಗೆ ಮಷೀನು ಇದೆ. ಮೊದಲ ದಿನ ದೊಡವಾಡದಿಂದ ಹೊರಟು ಸಂಗೊಳ್ಳಿ, ಬೈಲಹೊಂಗಲ ನೋಡಿಕೊಂಡು ಕಿತ್ತೂರಿನಲ್ಲಿ ನನ್ನ ಖಾಲಾ ಮನೆಯಲ್ಲಿ ಮಲಗಿದೆವು. ಎರಡನೇ ದಿನ ಕಿತ್ತೂರಿನಿಂದ ಬೀಡಿ, ನಂದಗಡ, ಅಲ್ಲಿಂದ ಖಾನಾಪುರ. ಅಲ್ಲಿ ಅವನ ಸೋದರಮಾವನ ಮನೆ. ಮೂರನೇ ದಿನ ವಾಪಸ್. ಫೋನಿನ ಲೆಕ್ಕದ ಪ್ರಕಾರ ಒಟ್ಟು 180 ಕಿಲೋಮೀಟರಿನ ಆಸುಪಾಸು. ನಾನು ಹೇಳಬೇಕಾಗಿರುವುದು ಎರಡನೇ ದಿನದ ಬಗ್ಗೆ.

ಅದಕ್ಕೂ ಮೊದಲು ಸೈಕಲ್ ಬಗ್ಗೆ ಒಂದು ಮಾತು. ಗೆಳೆಯನದು ಗೇರಿನ ಸೈಕಲ್, ಅವನ ಅಣ್ಣನದು. ನನ್ನದು ನಮ್ಮ ಆಪಾಳ ಸೈಕಲ್. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಸರ್ಕಾರ ಕೊಟ್ಟದ್ದು. ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶುರುವಾಯಿತು. ಕೊರೊನಾ ಬಂದ ಮೇಲೆ ನಿಂತಿತು. ನಮ್ಮ ಬ್ಯಾಚು ಎಂಟಕ್ಕೆ ಬರುವ ಹೊತ್ತಿಗೆ ಸೈಕಲ್ ಇರಲಿಲ್ಲ, ಶಾಲೆಯೇ ಫೋನಿನಲ್ಲಿತ್ತು. ಹಾಗಾಗಿ ನನಗೆ ಸಿಕ್ಕಿದ್ದು ಹುಡುಗಿಯರ ಸೈಕಲ್, ನಡುವೆ ದಂಡಿಗೆ ಇಲ್ಲದ್ದು, ಮುಂದೆ ಬುಟ್ಟಿ ಇದ್ದದ್ದು. ಗೇರಿಲ್ಲ. ಏರು ಬಂದರೆ ಇಳಿದು ತಳ್ಳಬೇಕು. ಆಪಾ ಕೊಡುವಾಗ ಬುಟ್ಟಿಯಲ್ಲಿ ಪಂಕ್ಚರ್ ಸಾಮಾನು ಹಾಕಿ, "ಹಿಂದಿನ ಬ್ರೇಕ್ ನಂಬಬೇಡ" ಅಂತ ಒಂದೇ ಮಾತು ಹೇಳಿದಳು.

ನಾವು ಯಾಕೆ ಈ ದಾರಿ ಹಿಡಿದೆವು ಅಂದರೆ, ಅದು ನಾವು ನಾಲ್ಕನೇ ಇಯತ್ತೆಯಿಂದ ಓದಿದ ಪಾಠವನ್ನು ಉದ್ದಕ್ಕೆ ಬಿಚ್ಚಿಟ್ಟಂತಿದೆ. ರಾಯಣ್ಣ ಸಂಗೊಳ್ಳಿಯವನು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಇಂಗ್ಲಿಷರು ಮತ್ತೆ ಬಂದು ಕೋಟೆ ಹಿಡಿದರು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು, 1829ರಲ್ಲಿ ಅಲ್ಲೇ ತೀರಿಕೊಂಡಳು, ಸಮಾಧಿಯೂ ಅಲ್ಲೇ ಇದೆ. ರಾಯಣ್ಣ ಮಾತ್ರ ಬಿಡಲಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ನಮ್ಮ ಊರಿನಿಂದ ಇಷ್ಟೂ ಜಾಗಗಳು ಸೈಕಲ್ ದೂರದಲ್ಲಿವೆ. ಆದರೂ ನಮ್ಮ ಕ್ಲಾಸಿನಲ್ಲಿ ಮೈಸೂರು ಅರಮನೆ ನೋಡಿದವರು ಅರ್ಧ ಜನ ಇದ್ದಾರೆ, ನಂದಗಡ ನೋಡಿದವರು ನಾನು ಕೇಳಿದಾಗ ಇಬ್ಬರು. ಅದರಲ್ಲಿ ಒಬ್ಬ ಮದುವೆಗೆ ಹೋಗಿದ್ದನಂತೆ, ಊಟ ಮಾಡಿ ಬಂದನಂತೆ.

ಕಿತ್ತೂರಿನಿಂದ ನಸುಕಿನಲ್ಲೇ ಬಿಟ್ಟೆವು. ಹೈವೇ ದಾಟುವವರೆಗೆ ಇಬ್ಬರೂ ಇಳಿದು ತಳ್ಳಿಕೊಂಡು ಹೋದೆವು, ಪುಣೆ-ಬೆಂಗಳೂರು ಲಾರಿಗಳು ಯಾರ ಮಾತೂ ಕೇಳುವುದಿಲ್ಲ. ದಾಟಿದ ಮೇಲೆ ರಸ್ತೆ ಸಣ್ಣದು. ದೇಗಾಂವಿಯ ಕಮಲನಾರಾಯಣ ಗುಡಿ ನೋಡಿ ಹೋಗೋಣ ಅಂತ ಗೆಳೆಯ, ಬಿಸಿಲು ಏರುವುದರೊಳಗೆ ಬೀಡಿ ಮುಟ್ಟೋಣ ಅಂತ ನಾನು. ನನ್ನ ಮಾತು ನಡೆಯಿತು. ಇವತ್ತಿಗೂ ಅವನು ಅದನ್ನು ಎತ್ತಿ ಆಡುತ್ತಾನೆ. ರಸ್ತೆಯ ಅರ್ಧ ಭಾಗದಲ್ಲಿ ಸೋಯಾಬೀನ್ ಒಣಗಲು ಹರವಿದ್ದರು. ಸೋಯಾ ಕಾಳಿನ ಮೇಲೆ ಸೈಕಲ್ ಹೋದರೆ ಗೋಲಿಗಳ ಮೇಲೆ ಹೋದಂತೆ. ನಾನು ಒಮ್ಮೆ ಬಿದ್ದೆ. ಬಿದ್ದಾಗ ಹೊಲದ ಅಜ್ಜ ಓಡಿ ಬಂದದ್ದು ನನ್ನನ್ನು ಎತ್ತಲಿಕ್ಕೋ, ಕಾಳು ಸರಿಸಲಿಕ್ಕೋ ಗೊತ್ತಾಗಲಿಲ್ಲ. ಎರಡೂ ಮಾಡಿದ.

ಬೀಡಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಚಹಾ ಅಂಗಡಿ. ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು. ಬಸ್ಸಿನಲ್ಲಿ ಕೂತವನಿಗೆ ಕಂಡಕ್ಟರ್ ಒಂದೇ ಪ್ರಶ್ನೆ ಕೇಳುತ್ತಾನೆ, ಎಲ್ಲಿಗೆ ಅಂತ. ಸೈಕಲ್ ಮೇಲೆ ಬಂದವನಿಗೆ ಊರೆಲ್ಲ ಕೇಳುತ್ತದೆ. ಎಲ್ಲಿಂದ, ಯಾರ ಮಗ, ಯಾಕ ಸೈಕಲ್, ಬೈಕ್ ಇಲ್ಲೇನು, ಮನ್ಯಾಗ ಹೇಳಿ ಬಂದೀರಿಲ್ಲೋ. ನಾವು ಎಲ್ಲಕ್ಕೂ ಉತ್ತರ ಕೊಟ್ಟೆವು. ದೊಡವಾಡ ಅಂದ ಕೂಡಲೇ ಒಬ್ಬರಿಗೆ ಗುರುತು ಹತ್ತಿತು, ಅಲ್ಲಿಯ ಎತ್ತು ಒಮ್ಮೆ ಕೊಂಡಿದ್ದರಂತೆ. ಮಾತು ಎತ್ತಿನಿಂದ ಹೊಲಕ್ಕೆ, ಹೊಲದಿಂದ ಅವರ ಅಣ್ಣತಮ್ಮರ ಜಗಳಕ್ಕೆ ಹೋಯಿತು. ಚಲೋ ನಡೆದಿತ್ತು. ಆಮೇಲೆ ಹೆಸರು ಕೇಳಿದರು. ಗೆಳೆಯ ಹೇಳಿದ. ನಾನೂ ಹೇಳಿದೆ.

ಒಂದು ಕ್ಷಣ ಸುಮ್ಮನಾದರು. ಆಮೇಲೆ ಎತ್ತಿನವರು ಪ್ರೀತಿಯಿಂದಲೇ ಅಂದರು, "ಹೌದಾ? ನಿಮ್ಮ ಕನ್ನಡ ಭಾಳ ಚಲೋ ಐತಿ ಬಿಡು ತಮ್ಮಾ."

ಅಲ್ಲಿಯವರೆಗೆ ನಾನು "ನೀನು" ಆಗಿದ್ದೆ. ಆಮೇಲೆ "ನಿಮ್ಮ" ಆದೆ. ಅವರು ಒಳ್ಳೆಯವರು, ಚಹಾದ ದುಡ್ಡು ತಗೊಳ್ಳಲು ಅಂಗಡಿಯವನಿಗೆ ಬಿಡಲಿಲ್ಲ, ತಾವೇ ಕೊಟ್ಟರು. ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಆದರೆ ನಾನು ಸೈಕಲ್ ಹತ್ತಿದ ಮೇಲೆ ಗೆಳೆಯ "ನಿಮ್ಮ ಕನ್ನಡ ಭಾಳ ಚಲೋ ಐತ್ರಿ ಸಾಹೇಬ್ರ" ಅಂತ ನಕ್ಕ, ನನಗೆ ಸಿಟ್ಟು ಬಂತು. ಇಬ್ಬರೂ ಐದಾರು ಕಿಲೋಮೀಟರು ಮಾತಿಲ್ಲದೆ ಹೋದೆವು. ಸೈಕಲ್ ಮೇಲೆ ಮಾತು ಬಿಡುವುದು ಕಷ್ಟ. ಬಸ್ಸಿನಲ್ಲಾದರೆ ಕಿಟಕಿಗೆ ಮುಖ ಮಾಡಬಹುದು, ಇಲ್ಲಿ ಮುಂದೆ ಹೋದವನು ಹಿಂದೆ ನೋಡಲೇಬೇಕು.

ಮಾತು ಆಡಿಸಿದ್ದು ಪಂಕ್ಚರ್. ನನ್ನ ಹಿಂದಿನ ಗಾಲಿ. ಜಾಲಿ ಮುಳ್ಳು. ಗಿಡದ ಕೆಳಗೆ ಸೈಕಲ್ ತಲೆಕೆಳಗು ಮಾಡಿ ಟ್ಯೂಬು ಹೊರಗೆ ಎಳೆದೆವು. ನೀರಿನ ಬಾಟಲಿಯ ಮೂತಿಯಿಂದ ಹನಿ ಹಾಕುತ್ತ ಗುಳ್ಳೆ ಎಲ್ಲಿ ಏಳುತ್ತದೆ ಅಂತ ಹುಡುಕುವಾಗ ಅವನು ಕೇಳಿದ, "ಹೊಗಳಿದ್ರ ಸಿಟ್ಟ್ಯಾಕ ಬರತೈತಿ ನಿನಗ?"

"ನಿನಗ ಯಾರರ ಹಂಗ ಹೊಗಳ್ಯಾರೇನು?" ಅಂದೆ.

ಅವನು ಯೋಚನೆ ಮಾಡಿದ. ನಿಜವಾಗಿ ಯೋಚನೆ ಮಾಡಿದ, ನಾನು ನೋಡುತ್ತಿದ್ದೆ. "ಇಲ್ಲ" ಅಂದ. ಆಮೇಲೆ "ನನ್ನ ಕನ್ನಡ ಚಲೋ ಇಲ್ಲಲ್ಲ, ಅದಕ್ಕ" ಅಂದ. ಅದೂ ಸುಳ್ಳಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡ 125ಕ್ಕೆ ನನಗೆ 121, ಅವನಿಗೆ 98. ಇಬ್ಬರೂ ನಕ್ಕೆವು. ಆದರೆ ಅವನು ಉಳಿದ ದಾರಿಯಲ್ಲಿ ಆ ಮಾತು ಮತ್ತೆ ಆಡಿ ತೋರಿಸಲಿಲ್ಲ.

ನಾನು ಯಾಕೆ ಸಿಟ್ಟಾದೆ ಅಂತ ಇಲ್ಲಿ ಸರಿಯಾಗಿ ಹೇಳಲು ಪ್ರಯತ್ನಿಸುತ್ತೇನೆ, ಏಕೆಂದರೆ ಇದನ್ನು ಓದುವ ನಿಮ್ಮಲ್ಲಿ ಬಹಳ ಜನರಿಗೆ ಈ ಹೊಗಳಿಕೆ ಸಿಕ್ಕಿರುತ್ತದೆ. ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಅಬ್ಬಾ ದುವಾ ಮಾಡುವುದು ಉರ್ದುವಿನಲ್ಲಿ, ಅಂಗಡಿಯ ವಹಿ ಬರೆಯುವುದು ಕನ್ನಡದಲ್ಲಿ. ಯಾರ ಅಂಗಿ, ಎದೆ ಎಷ್ಟು, ತೋಳು ಎಷ್ಟು, ಬಾಕಿ ಎಷ್ಟು, ಎಲ್ಲ ಕನ್ನಡ. ದೊಡವಾಡದಲ್ಲಿ ಹುಟ್ಟಿದವನಿಗೆ ಕನ್ನಡ ಬರುವುದು ನೀರು ಕುಡಿಯಲು ಬಂದಷ್ಟೇ. "ನೀರು ಚಲೋ ಕುಡೀತೀರಿ" ಅಂತ ಯಾರಾದರೂ ಹೊಗಳಿದರೆ ಏನನ್ನಬೇಕು? ಅತಿಥಿಗೆ ಹೇಳುವ ಮಾತನ್ನು ಮನೆಯವನಿಗೆ ಹೇಳಿದಂತೆ.

ಮತ್ತೊಂದು. ಆ ಹಿರಿಯರು ತಮ್ಮ ಜಗಳ ಹೇಳುವಾಗ ಬಳಸಿದ ಶಬ್ದಗಳು ನನಗೆ ಆಮೇಲೆ ನೆನಪಾದವು. ಜಮೀನು, ತಕರಾರು, ವಸೂಲಿ, ರಸೀದಿ, ಬಾಕಿ. ನಾವು ಕಾಮರ್ಸಿನವರು ದಿನಾ ಬರೆಯುವ ಜಮಾ-ಖರ್ಚು ಕೂಡ ಅದೇ ಕಡೆಯಿಂದ ಬಂದದ್ದು, ಪಾರ್ಸಿ-ಅರಬ್ಬಿಯಿಂದ. ಅವರು ಅಷ್ಟು ಸಲೀಸಾಗಿ ಅವನ್ನು ಆಡುವಾಗ "ನಿಮ್ಮ ಉರ್ದು ಚಲೋ ಐತಿ" ಅಂತ ನಾನು ಅನ್ನಲಿಲ್ಲ. ಅನ್ನಬೇಕಿತ್ತು ಅಂತ ಅಲ್ಲ. ಆ ಶಬ್ದಗಳು ಈಗ ಅವರವೇ, ಯಾರನ್ನೂ ಕೇಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ನಾನು ಒಂದು ಕಡೆಯ ದೂರು ಹೇಳಿ ಮುಗಿಸುತ್ತಿದ್ದೆ. ಅವತ್ತು ಶುಕ್ರವಾರ. ಜುಮ್ಮಾ ನಮಾಜಿಗೆ ದಾರಿಯ ಒಂದು ಊರಿನ ಮಸೀದಿಯಲ್ಲಿ ನಿಂತೆ. ಗೆಳೆಯ ಹೊರಗೆ ಸೈಕಲ್ ಕಾಯುತ್ತ ಕೂತ. ನಮಾಜು ಮುಗಿದ ಮೇಲೆ ಒಬ್ಬರು ಹೆಗಲ ಮೇಲೆ ಕೈ ಹಾಕಿ ವಿಚಾರಿಸಿದರು, ಬೆಳಗಾವಿಯಲ್ಲಿ ಓದಿದವರಂತೆ ಕಂಡರು. ನಾನು ಉರ್ದುವಿನಲ್ಲಿ ಹೇಳಿದೆ, ದೊಡವಾಡ, ಸೈಕಲ್, ನಂದಗಡ. ಅವರು ನಕ್ಕು ಪಕ್ಕದವರಿಗೆ ಹೇಳಿದರು, ಈ ಹುಡುಗನ ಉರ್ದು ಕೇಳಿ, ಪೂರಾ ಕನ್ನಡ. ಅವರೂ ಪ್ರೀತಿಯಿಂದಲೇ ಅಂದದ್ದು. ಹೊರಗೆ ಬಂದು ನೋಡಿದರೆ ಗೆಳೆಯನಿಗೆ ಯಾರೋ ಒಂದು ತಂಬಿಗೆ ನೀರು, ನಾಲ್ಕು ಬಾಳೆಹಣ್ಣು ಕೊಟ್ಟು ಕೂರಿಸಿದ್ದರು. ಅವನ ಭಾಷೆಯ ಬಗ್ಗೆ ಯಾರೂ ಏನೂ ಅಂದಿರಲಿಲ್ಲ.

ಬೆಳಿಗ್ಗೆ ನನ್ನ ಕನ್ನಡ ಚಲೋ ಆಗಿತ್ತು, ಮಧ್ಯಾಹ್ನ ನನ್ನ ಉರ್ದು ಕೆಟ್ಟಿತ್ತು. ಮಾತಾಡಿದ ಬಾಯಿ ಒಂದೇ.

ಬೀಡಿಯಲ್ಲಿ ನಾವು ನೋಡಿದ್ದು ಹೆಚ್ಚೇನಿಲ್ಲ. ಆದರೆ ಬೀಡಿ ಕಚೇರಿಯನ್ನು ರಾಯಣ್ಣನ ಕಡೆಯವರು ಸುಟ್ಟ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಚೇರಿ ಸುಡುವುದೆಂದರೆ ಅದರೊಳಗಿನ ದಫ್ತರ ಸುಡುವುದು. ಯಾರ ಹೊಲ ಎಷ್ಟು, ಯಾರು ಎಷ್ಟು ಕೊಡಬೇಕು ಅನ್ನುವ ಕಾಗದ. ರಾಯಣ್ಣನ ಸ್ವಂತ ಇನಾಂ ಭೂಮಿಯೂ ಅಂಥ ಲೆಕ್ಕದಲ್ಲೇ ಕೈ ತಪ್ಪಿತ್ತು. ನಾನು ಅಕೌಂಟೆನ್ಸಿ ಓದುವವನು, ಲೆಕ್ಕದ ಪುಸ್ತಕ ಸುಡುವುದನ್ನು ಒಪ್ಪಬಾರದು. ಆದರೆ ಲೆಕ್ಕದ ಪುಸ್ತಕಕ್ಕೆ ಇಷ್ಟು ಶಕ್ತಿ ಇದೆ ಅಂತ ನಮ್ಮ ಪಠ್ಯದಲ್ಲಿ ಎಲ್ಲೂ ಬರೆದಿಲ್ಲ. ಅದು ನನಗೆ ಗೊತ್ತಾದದ್ದು ಬೀಡಿಯ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುವಾಗ.

ಬೀಡಿ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ನಮ್ಮ ಕಡೆಯ ಕಪ್ಪು ಎರಿ ಎಲ್ಲೋ ಹಿಂದೆ ಉಳಿಯಿತು, ಕೆಂಪು ಮಣ್ಣು ಬಂತು, ಜೋಳದ ಬದಲು ಭತ್ತದ ಗದ್ದೆ ಬಂತು. ಗಾಳಿಯಲ್ಲಿ ತಂಪು. ಏರು ಇಳಿಜಾರು ಶುರುವಾದವು. ಇಳಿಜಾರಿನಲ್ಲಿ ಆಪಾಳ ಮಾತು ನೆನಪಾಯಿತು, ಹಿಂದಿನ ಬ್ರೇಕ್ ಹಿಡಿದರೆ ಹಾಡು ಹೇಳುತ್ತದೆ, ನಿಲ್ಲುವುದಿಲ್ಲ. ಎರಡು ಕಡೆ ಚಪ್ಪಲಿ ನೆಲಕ್ಕೆ ಒತ್ತಿ ನಿಲ್ಲಿಸಿದೆ. ಹೊಸ ಚಪ್ಪಲಿ. ಅಮ್ಮಿ ಇನ್ನೂ ನೋಡಿಲ್ಲ.

ನಂದಗಡ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ರಾಯಣ್ಣನ ಸಮಾಧಿ, ಆಲದ ಮರ. ಮರದ ಕೊಂಬೆಗಳಲ್ಲಿ ಸಣ್ಣ ಸಣ್ಣ ತೊಟ್ಟಿಲು ಕಟ್ಟಿದ್ದಾರೆ, ಮಕ್ಕಳಾಗಲಿ ಅಂತ ಹರಕೆ ಹೊತ್ತವರು. ನನಗೆ ಇದು ಗೊತ್ತಿರಲಿಲ್ಲ. ಗಲ್ಲು ಅಂದರೆ ಮನಸ್ಸಿನಲ್ಲಿ ಬೇರೆಯೇ ಚಿತ್ರ ಇತ್ತು. ಇಲ್ಲಿ ನೋಡಿದರೆ ತೊಟ್ಟಿಲು ಗಾಳಿಗೆ ತೂಗುತ್ತಿವೆ, ಕೆಳಗೆ ನಾಲ್ಕು ಹೆಣ್ಣುಮಕ್ಕಳು ಕಾಯಿ ಒಡೆದು ಕೂತಿದ್ದಾರೆ.

ಅವರಲ್ಲಿ ಒಬ್ಬ ಅಜ್ಜಿ ಗೆಳೆಯನನ್ನು ಮಾತಾಡಿಸಿದಳು, ಮರಾಠಿಯಲ್ಲಿ. ಖಾನಾಪುರ ಸೀಮೆಯಲ್ಲಿ ಅದು ಸಾಮಾನ್ಯ. ಅವನು ಬಾಯಿ ಬಿಟ್ಟುಕೊಂಡು ನಿಂತ. ಕನ್ನಡನಾಡಿನೊಳಗೇ ತನಗೆ ತಿಳಿಯದ ಮಾತು ಬರುತ್ತದೆ ಅಂತ ಅವನು ಎಣಿಸಿರಲಿಲ್ಲ. ನನಗೆ ಮರಾಠಿ ಬರುವುದಿಲ್ಲ, ಆದರೆ ಉರ್ದು ಕಿವಿಗೆ ಅರ್ಧ ತಿಳಿಯಿತು, ಎಲ್ಲಿಂದ ಬಂದಿರಿ ಅಂತ ಕೇಳುತ್ತಿದ್ದಾಳೆ. ನಾನು ಅರ್ಧ ಉರ್ದು, ಅರ್ಧ ಕನ್ನಡ ಹಾಕಿ ಹೇಳಿದೆ. ಅವಳೂ ಅಷ್ಟೇ ಸಲೀಸಾಗಿ ಕನ್ನಡಕ್ಕೆ ಬಂದಳು. ಬೈಲಹೊಂಗಲದ ಕಡೆ ಬೀಗರಿದ್ದಾರಂತೆ. ಇಬ್ಬರ ಕೈಗೂ ಕೊಬ್ಬರಿ ಕೊಟ್ಟಳು. ಹೆಸರು ಕೇಳಿದಳು, ಹೇಳಿದೆವು. "ಸೈಕಲ್ ಮ್ಯಾಲ ಬಂದೀರಿ, ಮೊದಲ ನೀರ ಕುಡೀರಿ" ಅಂದಳು. ಯಾರ ಭಾಷೆ ಹೇಗಿದೆ ಅನ್ನುವ ಮಾತೇ ಬರಲಿಲ್ಲ. ಖಾನಾಪುರದ ದಾರಿಯಲ್ಲಿ ಗೆಳೆಯ ಬಹಳ ಹೊತ್ತು ಸುಮ್ಮನಿದ್ದು, "ನೀ ಇಲ್ಲದಿದ್ರ ನಾ ಮೂಗನ ಆಗತಿದ್ದೆ" ಅಂದ.

ಈಗ ನಮ್ಮ ಪ್ರವಾಸದ ವಿಷಯಕ್ಕೆ ಬರುತ್ತೇನೆ. ನಮ್ಮ ಪ್ರವಾಸದಲ್ಲಿ ಬಸ್ಸು ಕಾಲೇಜಿನ ಗೇಟಿನಿಂದ ಹೊರಡುತ್ತದೆ, ಒಳಗೆ ನಾವೇ ಇರುತ್ತೇವೆ, ನಮ್ಮ ಹಾಡು, ನಮ್ಮ ಊಟ, ಇಳಿಯುತ್ತೇವೆ, ಫೋಟೋ ತೆಗೆಯುತ್ತೇವೆ, ಹತ್ತುತ್ತೇವೆ. ನಾಲ್ಕು ಜಿಲ್ಲೆ ದಾಟಿ ಹೋಗಿ ಬಂದರೂ ಯಾರೂ ನಮ್ಮ ಹೆಸರು ಕೇಳಿರುವುದಿಲ್ಲ, ನಾವೂ ಯಾರ ಹೆಸರೂ ಕೇಳಿರುವುದಿಲ್ಲ. ಆ ಕಟ್ಟೆಯ ಹಿರಿಯರಿಗೆ ನನ್ನ ಕನ್ನಡ ಆಶ್ಚರ್ಯ ಆದದ್ದರಲ್ಲಿ ಅವರ ತಪ್ಪು ಮಾತ್ರ ಇಲ್ಲ. ನಮ್ಮಂಥವರು ಆ ಕಟ್ಟೆಯ ಮೇಲೆ ಕೂತು ಚಹಾ ಕುಡಿದದ್ದು ಎಷ್ಟು ಸಲ? ಅವರು ಕೇಳಬೇಕಾದರೆ ನಾವು ಅಲ್ಲಿ ನಿಲ್ಲಬೇಕು. ಬೈಕಿನವನು ನಿಲ್ಲುವುದಿಲ್ಲ. ಸೈಕಲ್ಲಿನವನಿಗೆ ನಿಲ್ಲದೆ ಗತಿಯಿಲ್ಲ.

ಬೈಕಿನ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ಸ್ಟ್ಯಾಂಡಿನ ಬೋರ್ಡಿನ ಮೇಲೆ ಸೈಕಲ್ ಸ್ಟ್ಯಾಂಡ್ ಅಂತ ಬರೆದಿದೆ, ಒಳಗೆ ಬೈಕುಗಳಿವೆ. ಗೇರಿನ ಬೈಕಿಗೆ ಲೈಸೆನ್ಸ್ ಬೇಕಾದರೆ 18 ತುಂಬಬೇಕು. 2019ರ ತಿದ್ದುಪಡಿ ಆದ ಮೇಲೆ ಅಪ್ರಾಪ್ತ ಮಗ ಓಡಿಸಿ ಸಿಕ್ಕಿಬಿದ್ದರೆ ತಂದೆಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲಾಗಬಹುದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಆದರೂ ಬುಟ್ಟಿ ಇರುವ ಸೈಕಲ್ ತಂದವನಿಗೆ ನಗು, ಲೈಸೆನ್ಸ್ ಇಲ್ಲದ ಬೈಕು ತಂದವನಿಗೆ ಸಲಾಂ.

ಖರ್ಚು. ಮೂರು ದಿನಕ್ಕೆ ನನ್ನ ಪಾಲು 410 ರೂಪಾಯಿ. ಇದರಲ್ಲಿ ಒಂದು ಹೊಸ ಟ್ಯೂಬು, ಎರಡು ಊಟ, ಲೆಕ್ಕವಿಲ್ಲದ ಮಿರ್ಚಿ. ಎರಡು ರಾತ್ರಿಯ ಊಟ-ಹಾಸಿಗೆ ನೆಂಟರದ್ದು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿಯಬೇಕು ಅಂತ ನಮ್ಮ ಮೇಡಂ ಹೇಳುತ್ತಾರೆ ಅಂತ ಗೊತ್ತು.

ಆದರೆ ಒಂದು ಆಕ್ಷೇಪಣೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಎದ್ದು ನಿಂತು ಹೇಳಿದ ದಿನ ಕ್ಲಾಸು ಬಿಟ್ಟ ಮೇಲೆ ಒಬ್ಬ ಹುಡುಗಿ ಬಂದು ಅಂದಳು, "ನಿಮಗ ಸರಳ ಐತಿ. ನಾವು ಸೈಕಲ್ ಹತ್ತಿ ನಂದಗಡಕ್ಕ ಹೊಂಟ್ರ ಕಟ್ಟೀ ಮ್ಯಾಲಿನವರು ಕೇಳೂ ಪ್ರಶ್ನೆನ ಬ್ಯಾರೆ ಇರತಾವು. ಮನ್ಯಾಗ ಕೇಳೂವಂತೂ ಕೇಳಬ್ಯಾಡ." ನಾನು ಸುಮ್ಮನೆ ಮನೆಗೆ ಬಂದೆ. ಮನೆಗೆ ಬಂದರೆ ಪಡಸಾಲೆಯಲ್ಲಿ ಆಪಾಳ ಸೈಕಲ್ ನಿಂತಿದೆ. ಎಂಟರಿಂದ ಹತ್ತರವರೆಗೆ ಮೂರು ವರ್ಷ ಅವಳು ದಿನಾ ಹೊಡೆದ ಸೈಕಲ್. ಚೈನು ಹಾಕುವುದು, ಪಂಕ್ಚರ್ ತೆಗೆಯುವುದು ನನಗೆ ಕಲಿಸಿದ್ದು ಅವಳೇ. ಹತ್ತು ಮುಗಿದ ದಿನ ಅವಳು ಇಳಿದಳು, ಮತ್ತೆ ಹತ್ತಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ದೊಡ್ಡವಳಾದಳು ಅಷ್ಟೇ. ಈಗ ಡಿಗ್ರಿಗೆ ಬಸ್ಸಿನಲ್ಲಿ ಹೋಗುತ್ತಾಳೆ. 2023ರಿಂದ ಶಕ್ತಿ ಯೋಜನೆಯಲ್ಲಿ ಟಿಕೇಟೂ ಪುಕ್ಕಟೆ. ಅದು ಒಳ್ಳೆಯದೇ, ಅವಳ ಓದು ನಿಲ್ಲಲಿಲ್ಲ. ಆದರೆ ಆ ಮೂರು ದಿನ ನಾನು ನೋಡಿದ ದಾರಿಯಲ್ಲಿ ಅವಳ ಸೈಕಲ್ ಹೋಗಿ ಬಂತು, ಅವಳು ಹೋಗಲಿಲ್ಲ. ನಾನು ವಾಪಸ್ ಬಂದ ದಿನ ಅವಳು ಕೇಳಿದ್ದು ರಾಯಣ್ಣನ ಬಗ್ಗೆ ಅಲ್ಲ. ಬೀಡಿ ಆದ ಮೇಲೆ ಏರು ಎಷ್ಟಿದೆ, ಇಳಿಯದೆ ಹತ್ತಿದೆಯಾ ಅಂತ. ಇಲ್ಲ, ತಳ್ಳಿದೆ ಅಂದೆ. "ನಾನಾಗಿದ್ದರೆ ಹತ್ತುತ್ತಿದ್ದೆ" ಅಂದಳು.

ಆದ್ದರಿಂದ ಪ್ರಿನ್ಸಿಪಾಲ್ ಸರ್ ಅವರಲ್ಲಿ ನನ್ನ ಬೇಡಿಕೆ ಸ್ವಲ್ಪ ಬದಲಾಗಿದೆ. ಮೈಸೂರು ಬೇಡ ಅನ್ನುವುದಿಲ್ಲ, ಹೋಗುವವರು ಹೋಗಲಿ. ಅದರ ಜೊತೆಗೆ ಒಂದು ದಿನದ ಸೈಕಲ್ ಪ್ರವಾಸ ಇರಲಿ, ನಂದಗಡ ದೂರವಾದರೆ ಸಂಗೊಳ್ಳಿಗೆ. ಹುಡುಗಿಯರದು ಬೇರೆ ದಿನ, ಮೇಡಂ ಒಬ್ಬರು ಜೊತೆಗೆ, ಹಿಂದೆ ಒಂದು ಟಂಟಂ. ಕಾಲೇಜಿನ ಹೆಸರಿನ ಕಾಗದ ಕೈಯಲ್ಲಿದ್ದರೆ ಮನೆಯಲ್ಲಿ ಕೇಳುವ ಪ್ರಶ್ನೆ ಅರ್ಧ ಕಡಿಮೆಯಾಗುತ್ತವೆ. ಇದು ನನ್ನ ಮಾತಲ್ಲ, ಅದೇ ಹುಡುಗಿ ಮರುದಿನ ಬಂದು ಹೇಳಿದ್ದು. ಕಟ್ಟೆಯ ಮೇಲಿನವರು ಕೇಳುವುದಕ್ಕೆ ಉತ್ತರ ತಾನು ಕೊಡುತ್ತೇನೆ ಅಂತಲೂ ಹೇಳಿದ್ದಾಳೆ.

ಹೆಸರು ಕೊಡುವವರು ದ್ವಿತೀಯ ಪಿಯುಸಿ ಕಾಮರ್ಸ್ ಕ್ಲಾಸಿಗೆ ಬನ್ನಿ. ಇವತ್ತಿನವರೆಗೆ ಹನ್ನೊಂದು ಹೆಸರು ಬಂದಿವೆ, ಅದರಲ್ಲಿ ನಾಲ್ಕು ಹುಡುಗಿಯರದು. ಸೈಕಲ್ ಇಲ್ಲದವರೂ ಹೆಸರು ಕೊಡಿ, ಪಡಸಾಲೆಯಲ್ಲಿ ಸುಮ್ಮನೆ ನಿಂತ ಸೈಕಲ್ ನಮ್ಮ ಕಡೆ ಬಹಳ ಮನೆಗಳಲ್ಲಿವೆ. ಪಂಪು ಮಾತ್ರ ನಮ್ಮ ಹತ್ತಿರ ಒಂದೇ ಇದೆ, ಇದ್ದವರು ತನ್ನಿ.